ಯಾವ ಗೋಡೆಯ ಮುಂದೆ ನಿಲ್ಲಬೇಕೆಂದಿದ್ದೀರಿ? – ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಓದು

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮುಗಿಸಿ ಎರಡು ವರ್ಷಗಳಿಂದ ಬೆಂಗಳೂರಿನ ಒಂದು ಕಚೇರಿಯಲ್ಲಿ ಅಪಾರ್ಟ್‌ಮೆಂಟುಗಳ ನಕ್ಷೆ ಬರೆಯುತ್ತಿದ್ದೇನೆ. ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಸ್ನಾತಕೋತ್ತರ ಪದವಿ ಮಾಡುವ ಆಸೆ. ಅಜ್ಜನ ಮಣ್ಣಿನ ಗೋಡೆಯ ಮನೆಗೆ ಹತ್ತು ವರ್ಷಗಳ ಹಿಂದೆ ಸಿಮೆಂಟ್ ಗಿಲಾವು ಮಾಡಿಸಿದರು. ಈಗ ಅದು ಕಳಚಿ ಬೀಳುತ್ತಿದೆ. ಆಸೆ ಹುಟ್ಟಿದ್ದು ಅಲ್ಲಿಂದಲೇ. ಗೋಡೆಯ ಫೋಟೊ ಕಳುಹಿಸಿದ್ದೇನೆ. ದೆಹಲಿಯ ಎಸ್‌ಪಿಎ (ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆ), ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ಅಮೆರಿಕದ ಕೊಲಂಬಿಯಾ ಮತ್ತು ಪೆನ್ಸಿಲ್ವೇನಿಯಾ, ಇಂಗ್ಲೆಂಡಿನ ಯಾರ್ಕ್, ಬೆಲ್ಜಿಯಂನ ಲೂವೆನ್ – ಇಷ್ಟನ್ನು ಪಟ್ಟಿ ಮಾಡಿಕೊಂಡಿದ್ದೇನೆ. ರ್‍ಯಾಂಕ್ ನೋಡಿ ಆರಿಸಬೇಕೆ? ಎಂ.ಆರ್ಕ್ ಒಳ್ಳೆಯದೆ, ಎಂ.ಎಸ್. ಒಳ್ಳೆಯದೆ? ಅಪ್ಪ ಹೊಲ ಅಡವಿಟ್ಟು ಸಾಲ ತೆಗೆಯಲು ಸಿದ್ಧರಿದ್ದಾರೆ.

ಉತ್ತರ: ನೀವು ಕಳುಹಿಸಿದ ಫೋಟೊವನ್ನು ಮತ್ತೆ ಮತ್ತೆ ನೋಡಿದೆ. ನೆಲದಿಂದ ಸುಮಾರು ಮೂರು ಅಡಿ ಎತ್ತರದಲ್ಲಿ ಗೋಡೆಯ ಉದ್ದಕ್ಕೂ ಒಂದು ಕಂದು ಗೆರೆ. ಅದರ ಕೆಳಗೆ ಗಿಲಾವು ಹಪ್ಪಳದಂತೆ ಉಬ್ಬಿಕೊಂಡಿದೆ. ಕಳಚಿ ಬಿದ್ದ ಒಂದು ತುಂಡನ್ನು ನೀವು ಅಂಗೈ ಮೇಲೆ ತಿರುಗಿಸಿ ಹಿಡಿದಿದ್ದೀರಿ. ಅದರ ಬೆನ್ನಿಗೆ ಬೆರಳು ದಪ್ಪದ ಮಣ್ಣು ಕಚ್ಚಿಕೊಂಡೇ ಬಂದಿದೆ, ಮಣ್ಣಿನ ಮೇಲೆ ಬಿಳಿಯ ಉಪ್ಪು. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಆ ತುಂಡಿನಲ್ಲೇ ಇದೆ.

ಮಣ್ಣಿನ ಗೋಡೆ ಬುನಾದಿಯಿಂದ ತೇವವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮೊದಲು ಅದಕ್ಕಿದ್ದದ್ದು ಮಣ್ಣಿನದೋ ಸುಣ್ಣದ್ದೋ ಗಿಲಾವು. ಎಳೆದುಕೊಂಡ ತೇವ ಆ ಮೈಯಿಂದಲೇ ಆವಿಯಾಗಿ ಹೋಗುತ್ತಿತ್ತು. ಸಿಮೆಂಟ್ ಬಂದು ಆ ದಾರಿಯನ್ನು ಮುಚ್ಚಿತು. ಹೊರಗೆ ಹೋಗಲಾರದ ನೀರು ಇನ್ನಷ್ಟು ಮೇಲೇರಿತು. ಅದು ಹೊತ್ತು ತಂದ ಉಪ್ಪು ಗಿಲಾವಿನ ಹಿಂದೆ ಹರಳುಗಟ್ಟಿ ಮಣ್ಣನ್ನೇ ಒಡೆಯಿತು. ಗಟ್ಟಿಯಾದದ್ದು ಸಿಮೆಂಟ್, ಸೋತದ್ದು ಗೋಡೆ. ಗಿಲಾವು ಯಾವಾಗಲೂ ಗೋಡೆಗಿಂತ ಮೆತ್ತಗಿರಬೇಕು, ಸವೆಯುವುದಿದ್ದರೆ ಅದೇ ಸವೆಯಬೇಕು. ನಿಮ್ಮಜ್ಜನ ಕಾಲದ ಗೌಂಡಿಗೆ ಇದು ಗೊತ್ತಿತ್ತು. ಐದು ವರ್ಷ ಬಿ.ಆರ್ಕ್ ಓದಿದ ನಮ್ಮಲ್ಲಿ ಹೆಚ್ಚಿನವರಿಗೆ ಯಾರೂ ಇದನ್ನು ಹೇಳಿಕೊಡಲಿಲ್ಲ.

ಈಗ ಆ ಗೋಡೆಯ ಮುಂದೆ ಬೇರೆ ಬೇರೆ ಕಡೆ ಓದಿ ಬಂದ ನಾಲ್ವರನ್ನು ನಿಲ್ಲಿಸಿ ನೋಡೋಣ. ಕಟ್ಟಡ ಸಾಮಗ್ರಿಯ ಅಭ್ಯಾಸ ಮಾಡಿದವರು ಮಣ್ಣಿನ ಚೂರು, ಉಪ್ಪಿನ ಚೂರು ಕೆರೆದುಕೊಂಡು ಪ್ರಯೋಗಾಲಯಕ್ಕೆ ಹೋಗುತ್ತಾರೆ. ರಚನೆಯ ಅಭ್ಯಾಸ ಮಾಡಿದವರು ತಲೆಯೆತ್ತಿ ಮಾಳಿಗೆಯನ್ನು ನೋಡುತ್ತಾರೆ: ಮೇಲ್ಮುದ್ದೆಯ ಮಣ್ಣಿನ ಭಾರ ಎಷ್ಟಿದೆ, ಅದನ್ನು ತೊಲೆ ಹೊರುತ್ತಿದೆಯೋ ಗೋಡೆಯೋ ಎಂದು ಕೇಳುತ್ತಾರೆ. ಕಾನೂನು ಮತ್ತು ಯೋಜನೆಯನ್ನು ಓದಿದವರು ಉತಾರ ಯಾರ ಹೆಸರಿನಲ್ಲಿದೆ, ಅಣ್ಣತಮ್ಮಂದಿರ ಪಾಲು ಎಷ್ಟು, ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕವೇನಾದರೂ ಇದೆಯೇ ಎಂದು ವಿಚಾರಿಸುತ್ತಾರೆ. ಇತಿಹಾಸದ ಹಾದಿಯಿಂದ ಬಂದವರು ಪಡಸಾಲೆಯ ಕಂಬದ ಕೆತ್ತನೆಯ ಮುಂದೆ ಕೂತು ಕಾಲ ನಿರ್ಣಯ ಮಾಡುತ್ತಾರೆ. ನಾಲ್ವರೂ ಸಂರಕ್ಷಣಾ ತಜ್ಞರೇ, ಆದರೆ ಒಬ್ಬರ ಕೆಲಸ ಇನ್ನೊಬ್ಬರಿಗೆ ಬಾರದು. ನೀವು ಪಟ್ಟಿ ಮಾಡಿದ ಶಾಲೆಗಳು ಈ ನಾಲ್ವರಲ್ಲಿ ಬೇರೆ ಬೇರೆಯವರನ್ನು ತಯಾರಿಸುತ್ತವೆ. ಅವುಗಳನ್ನು ಒಂದೇ ಸಾಲಿನಲ್ಲಿಟ್ಟು ಒಂದು, ಎರಡು, ಮೂರು ಎಂದು ಅಂಕ ಕೊಡುವ ಪಟ್ಟಿ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಆದ್ದರಿಂದ ರ್‍ಯಾಂಕ್ ನೋಡಬೇಡಿ. ಈ ನಾಲ್ವರಲ್ಲಿ ನೀವು ಯಾರಾಗಬೇಕು, ಯಾವ ಊರಿನ ಗೋಡೆಯ ಮುಂದೆ ನಿಲ್ಲಬೇಕು ಎಂಬುದನ್ನು ಮೊದಲು ತೀರ್ಮಾನಿಸಿ.

ಕೋರ್ಸುಗಳ ಹೆಸರಿನಲ್ಲೇ ಒಂದು ಗೊಂದಲವಿದೆ, ಅದನ್ನು ಬಿಡಿಸಿಬಿಡುತ್ತೇನೆ. ಅಮೆರಿಕದಲ್ಲಿ ಇಡೀ ಕ್ಷೇತ್ರಕ್ಕೆ ‘ಪ್ರಿಸರ್ವೇಶನ್’ ಎನ್ನುತ್ತಾರೆ. ‘ಕನ್ಸರ್ವೇಶನ್’ ಎಂದರೆ ಅಲ್ಲಿ ಹೆಚ್ಚಾಗಿ ಕಲ್ಲು, ಗಾರೆ, ಬಣ್ಣ, ಲೋಹಗಳ ಪ್ರಯೋಗಾಲಯದ ಉಪಚಾರ. ಇಂಗ್ಲೆಂಡಿನಲ್ಲಿ ಮತ್ತು ನಮ್ಮಲ್ಲಿ ಇಡೀ ಕ್ಷೇತ್ರದ ಹೆಸರೇ ಕನ್ಸರ್ವೇಶನ್. ಇದು ತಿಳಿಯದೆ ಅರ್ಜಿ ಹಾಕಿದವರು, ಗಾರೆ ಕಲಿಯಲು ಹೋಗಿ ತೆರಿಗೆ ಕಾಯ್ದೆ ಓದಿ ಬಂದದ್ದನ್ನು ಕಂಡಿದ್ದೇನೆ. ಹೆಸರನ್ನು ಬಿಟ್ಟು ಪಠ್ಯಕ್ರಮವನ್ನು ತೆರೆದು ನೋಡಿ.

ಅಮೆರಿಕದ ಓದು ಹುಟ್ಟಿದ್ದೇ ಒಂದು ನಷ್ಟದ ಹೊತ್ತಿನಲ್ಲಿ. ನ್ಯೂಯಾರ್ಕಿನ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವನ್ನು 1963ರಲ್ಲಿ ಕೆಡವಲು ಆರಂಭಿಸಿದರು. ಮರುವರ್ಷವೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮಾರ್ಸ್ಟನ್ ಫಿಚ್ ಅವರು ಆ ದೇಶದ ಮೊದಲ ಸಂರಕ್ಷಣಾ ಕೋರ್ಸನ್ನು ಕಟ್ಟಿದರು. 1965ರಲ್ಲಿ ನ್ಯೂಯಾರ್ಕ್ ನಗರದ ಹೆಗ್ಗುರುತುಗಳ ಕಾನೂನು, 1966ರಲ್ಲಿ ರಾಷ್ಟ್ರೀಯ ಸಂರಕ್ಷಣಾ ಕಾಯ್ದೆ ಬಂದವು. ಈ ಕಾನೂನುಗಳು ಅಲ್ಲಿ ಒಂದು ವೃತ್ತಿಯನ್ನೇ ಸೃಷ್ಟಿಸಿದವು. ಕೇಂದ್ರ ಸರ್ಕಾರದ ಹಣವಾಗಲಿ ಅನುಮತಿಯಾಗಲಿ ಬೇಕಿರುವ ಯಾವ ಯೋಜನೆಯೂ ಚಾರಿತ್ರಿಕ ಆಸ್ತಿಗೆ ಏನು ಪರಿಣಾಮವಾಗುತ್ತದೆ ಎಂದು ಪರಿಶೀಲಿಸಬೇಕು. ಪ್ರಮಾಣಿತ ಹಳೆಯ ಕಟ್ಟಡವನ್ನು ನಿಯಮದಂತೆ ದುರಸ್ತಿ ಮಾಡಿ ಆದಾಯಕ್ಕೆ ಬಳಸಿದರೆ ದುರಸ್ತಿಯ ಖರ್ಚಿನ ಶೇ 20ರಷ್ಟು ತೆರಿಗೆ ವಿನಾಯಿತಿ ಸಿಗುತ್ತದೆ. ಅಲ್ಲಿನ ಪದವೀಧರರಲ್ಲಿ ದೊಡ್ಡ ಪಾಲು ಬದುಕುವುದು ಈ ಪರಿಶೀಲನೆ ಮತ್ತು ಈ ವಿನಾಯಿತಿಯ ಕೆಲಸದಿಂದ. ಹಾಗಾಗಿ ಪಠ್ಯಕ್ರಮದಲ್ಲೂ ಅವುಗಳಿಗೆ ದೊಡ್ಡ ಜಾಗವಿದೆ. ಅಲ್ಲೇ ನೆಲೆಸುವವರಿಗೆ ಅದು ಅನ್ನ ಕೊಡುವ ವಿದ್ಯೆ. ಗದಗಿಗೆ ಮರಳುವವರಿಗೆ ಆ ಭಾಗವೆಲ್ಲ ಸಾಮಾನ್ಯ ಜ್ಞಾನವಾಗಿ ಉಳಿದುಹೋಗುತ್ತದೆ.

ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿಷಯ ನಿಮ್ಮ ಮಟ್ಟಿಗೆ ಸ್ವಲ್ಪ ಬೇರೆ. ಅಲ್ಲಿ ಫ್ರಾಂಕ್ ಮಟೇರೊ ಅವರು ಕಟ್ಟಿ ಬೆಳೆಸಿದ ಸಂರಕ್ಷಣಾ ಪ್ರಯೋಗಾಲಯದ ಪರಂಪರೆ ಇದೆ. ಅಮೆರಿಕದ ನೈರುತ್ಯ ಭಾಗದ ಮಣ್ಣಿನ ಕಟ್ಟಡಗಳು, ಮೆಸಾ ವರ್ಡೆಯ ಬಂಡೆಯಡಿಯ ಮನೆಗಳು, ಟರ್ಕಿಯ ಚಾತಲ್‌ಹೊಯುಕ್‌ನಲ್ಲಿ ಸಾವಿರಾರು ವರ್ಷ ಹಳೆಯ ಮಣ್ಣಿನ ಗಿಲಾವು – ಇವುಗಳ ಮೇಲೆ ಆ ಗುಂಪು ಕೆಲಸ ಮಾಡಿದೆ. ನಿಮ್ಮಜ್ಜನ ಗೋಡೆಯ ರೋಗ ಅವರಿಗೆ ಹೊಸದಲ್ಲ. ಅಮೆರಿಕಕ್ಕೇ ಹೋಗಬೇಕೆಂಬ ಛಲವಿದ್ದರೆ, ಹೆಸರಿನ ಹೊಳಪಿಗಿಂತ ಈ ಕಾರಣಕ್ಕೆ ಹೋಗಿ.

ಎಂ.ಆರ್ಕ್ ಮತ್ತು ಎಂ.ಎಸ್. ನಡುವಿನ ವ್ಯತ್ಯಾಸಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಮಾನ್ಯತೆ ಪಡೆದ ಎಂ.ಆರ್ಕ್ ವೃತ್ತಿಪರವಾನಗಿಯತ್ತ ಕರೆದೊಯ್ಯುವ ಪದವಿ. ಸಂರಕ್ಷಣೆಯ ಎಂ.ಎಸ್. ಅಂಥದ್ದಲ್ಲ. ಅದನ್ನು ಓದಿದವರು ಸಂರಕ್ಷಣಾ ತಜ್ಞರಾಗುತ್ತಾರೆ, ಅಷ್ಟರಿಂದಲೇ ಅಲ್ಲಿ ವಾಸ್ತುಶಿಲ್ಪಿಯಾಗಿ ಸಹಿ ಹಾಕುವ ಹಕ್ಕು ಬರುವುದಿಲ್ಲ. ಎರಡನ್ನೂ ಒಟ್ಟಿಗೆ ಓದುವ ದಾರಿಯೂ ಕೆಲವು ಕಡೆ ಇದೆ, ಆದರೆ ವರ್ಷಗಳೂ ಶುಲ್ಕವೂ ಬೆಳೆಯುತ್ತವೆ. ಭಾರತದಲ್ಲಿ ಕೆಲಸ ಮಾಡುವುದಾದರೆ ನಿಮಗೆ ಈ ಚಿಂತೆ ಇಲ್ಲ. ನಿಮ್ಮ ಬಿ.ಆರ್ಕ್ ಮೇಲೆಯೇ ವಾಸ್ತುಶಿಲ್ಪ ಪರಿಷತ್ತಿನ ನೋಂದಣಿ ಸಿಗುತ್ತದೆ, ಸ್ನಾತಕೋತ್ತರ ಪದವಿಯ ಹೆಸರು ಯಾವುದಾದರೂ ಆಗಬಹುದು. ವೀಸಾ ಬಗ್ಗೆ ಇಷ್ಟು ಹೇಳುತ್ತೇನೆ: ಅಮೆರಿಕದಲ್ಲಿ ಓದಿನ ನಂತರ 12 ತಿಂಗಳು ಕೆಲಸಕ್ಕೆ ಅವಕಾಶವಿದೆ, ಕೋರ್ಸ್ ವಿಜ್ಞಾನ-ತಂತ್ರಜ್ಞಾನ ವರ್ಗಕ್ಕೆ ಸೇರಿದ್ದರೆ ಮಾತ್ರ ಇನ್ನೂ 24 ತಿಂಗಳು ಸಿಗಬಹುದು. ಸಂರಕ್ಷಣೆಯ ಕೋರ್ಸುಗಳೆಲ್ಲವೂ ಆ ವರ್ಗದಲ್ಲಿಲ್ಲ. ಸಾಲದ ಅರ್ಜಿಗೆ ಸಹಿ ಹಾಕುವ ಮುನ್ನ, ಆ ವರ್ಗವನ್ನು ನಿರ್ಧರಿಸುವ ಕೋರ್ಸಿನ ಸಂಕೇತ ಯಾವುದೆಂದು ವಿಶ್ವವಿದ್ಯಾಲಯದಿಂದ ಲಿಖಿತವಾಗಿ ತರಿಸಿಕೊಳ್ಳಿ.

ಯುರೋಪಿನ ಶಾಲೆಗಳ ಸ್ವಭಾವ ಬೇರೆ. ಯಾರ್ಕಿನಲ್ಲಿ ಸಂರಕ್ಷಣೆಯ ಎಂ.ಎ. ಇರುವುದು ಪುರಾತತ್ವ ವಿಭಾಗದಲ್ಲಿ, ಓದು ಒಂದು ವರ್ಷ. ಕಟ್ಟಡವನ್ನು ಒಂದು ದಾಖಲೆಯಂತೆ ಪದರಪದರವಾಗಿ ಓದುವುದನ್ನು, ಯಾವುದನ್ನು ಏಕೆ ಉಳಿಸಬೇಕೆಂದು ವಾದ ಕಟ್ಟುವುದನ್ನು ಅಲ್ಲಿ ಚೆನ್ನಾಗಿ ಕಲಿಸುತ್ತಾರೆ. ದೆಹಲಿಯ ಹುಮಾಯೂನ್ ಸಮಾಧಿಯ ಸಂರಕ್ಷಣೆಯ ನೇತೃತ್ವ ವಹಿಸಿದ ರತೀಶ್ ನಂದಾ ಅವರು ಓದಿದ್ದು ಅಲ್ಲೇ. ಲೂವೆನ್‌ನ ಕೇಂದ್ರಕ್ಕೆ ರೇಮಾಂಡ್ ಲೆಮೇರ್ ಅವರ ಹೆಸರಿದೆ. ಸ್ಮಾರಕಗಳ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದನ್ನು ರೂಪಿಸಿದವರಲ್ಲಿ ಅವರು ಪ್ರಮುಖರು. ಬೆಗೈನ್ ಎಂಬ ಧಾರ್ಮಿಕ ಮಹಿಳೆಯರು ಹಿಂದೆ ವಾಸವಿದ್ದ ಲೂವೆನ್‌ನ ದೊಡ್ಡ ಬೆಗೈನ್ ಕೇರಿಯನ್ನು 1960ರ ದಶಕದಲ್ಲಿ ಅವರ ಮಾರ್ಗದರ್ಶನದಲ್ಲಿ ದುರಸ್ತಿ ಮಾಡಿ ವಿದ್ಯಾರ್ಥಿಗಳ, ಅಧ್ಯಾಪಕರ ವಸತಿಯನ್ನಾಗಿ ಮಾಡಲಾಯಿತು. 1998ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಪಾಠದಲ್ಲಿ ಕೇಳಿದ ಸಿದ್ಧಾಂತ ಅಲ್ಲಿ ಅದೇ ಊರಿನ ಬೀದಿಯಲ್ಲೇ ಮನೆಯಾಗಿ ನಿಂತಿದೆ, ಸಂಜೆ ಅದರ ಕಿಟಕಿಗಳಲ್ಲಿ ದೀಪ ಹತ್ತುತ್ತದೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ ಎರಡನ್ನು ಸೇರಿಸುತ್ತೇನೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1979ರಿಂದ ಇರುವ ಕ್ರಾತೆರ್ ಕೇಂದ್ರ ಮಣ್ಣಿನ ವಾಸ್ತುಶಿಲ್ಪಕ್ಕೆಂದೇ ಮೀಸಲು. ಎರಡನೆಯದು ಪೋರ್ಚುಗಲ್‌ನ ಮಿನ್ಯೊ, ಸ್ಪೇನಿನ ಕತಲೂನ್ಯ, ಇಟಲಿಯ ಪಾದುವಾ ಮತ್ತು ಪ್ರಾಗಿನ ತಾಂತ್ರಿಕ ವಿಶ್ವವಿದ್ಯಾಲಯಗಳು ಸೇರಿ ನಡೆಸುವ, ಚಾರಿತ್ರಿಕ ಕಟ್ಟಡಗಳ ರಚನಾ ವಿಶ್ಲೇಷಣೆಯ ಒಂದು ವರ್ಷದ ಕೋರ್ಸು. ಗಣಿತಕ್ಕೆ ಹೆದರದ ವಾಸ್ತುಶಿಲ್ಪಿಗೆ ಅದು ಅಪರೂಪದ ಅವಕಾಶ. ನಮ್ಮಲ್ಲಿ ಅಂಥವರ ಕೊರತೆ ಎಷ್ಟಿದೆಯೆಂದರೆ ಮೈಸೂರನ್ನೇ ನೋಡಿ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳು ಹೋದವು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಕೆಡವಿ ಹೊಸದು ಕಟ್ಟಬೇಕೆಂದು ಒಂದು ವರದಿ, ದುರಸ್ತಿ ಮಾಡಿ ಉಳಿಸಬಹುದೆಂದು ಇನ್ನೊಂದು. ಕಾಂಕ್ರೀಟಿನ ಲೆಕ್ಕವನ್ನು ಸುಣ್ಣದ ಗೋಡೆಯ ಮೇಲೆ ಹೊರಿಸಿದರೆ ಗೋಡೆ ಯಾವಾಗಲೂ ನಪಾಸಾಗುತ್ತದೆ. ಗಾರೆಯ ಗೋಡೆಗೆ ಅದರದೇ ಲೆಕ್ಕವಿದೆ ಎಂದು ಅಂಕಿ ಇಟ್ಟು ತೋರಿಸಬಲ್ಲವರು ಪ್ರತಿ ಜಿಲ್ಲೆಯಲ್ಲೂ ಒಬ್ಬರಿದ್ದರೆ ಎಷ್ಟೋ ಕಟ್ಟಡಗಳು ಉಳಿಯುತ್ತವೆ.

ಇನ್ನು ನಮ್ಮ ದೇಶದ ಓದು. ಇದನ್ನು ಎರಡನೆಯ ದರ್ಜೆ ಎಂದು ನೋಡುವವರಿಗೆ ಈ ಕೆಲಸ ಎಲ್ಲಿ ನಡೆಯುತ್ತದೆಂಬುದೇ ಮರೆತುಹೋಗಿರುತ್ತದೆ. ದೆಹಲಿಯ ಎಸ್‌ಪಿಎ 1980ರ ದಶಕದಲ್ಲೇ ಸಂರಕ್ಷಣೆಯ ಸ್ನಾತಕೋತ್ತರ ಕೋರ್ಸ್ ಆರಂಭಿಸಿತು. ಭೋಪಾಲದ ಎಸ್‌ಪಿಎಯಲ್ಲೂ ಸಂರಕ್ಷಣೆಯ ಎಂ.ಆರ್ಕ್ ಇದೆ, ನಿಮ್ಮ ಪಟ್ಟಿಯಲ್ಲಿ ಅದೂ ಇರಲಿ. ಇವೆರಡಕ್ಕೂ ಗೇಟ್ ಪರೀಕ್ಷೆಯ ವಾಸ್ತುಶಿಲ್ಪ ಪತ್ರಿಕೆಯ ಅಂಕ ಬೇಕು, ಒಮ್ಮೆ ಬರೆದರೆ ಮೂರು ವರ್ಷ ಆ ಅಂಕ ನಡೆಯುತ್ತದೆ. ಸೆಪ್ಟ್‌ನಲ್ಲಿ ಸಂರಕ್ಷಣೆಯ ಜೊತೆಗೆ ಹಳೆಯ ನಗರದ ಪುನರುಜ್ಜೀವನವನ್ನೂ ಸೇರಿಸಿ ಕಲಿಸುತ್ತಾರೆ. ಅಹಮದಾಬಾದಿನ ಕೋಟೆಯೊಳಗಿನ ಪೋಳ್‌ಗಳು, ಅಂದರೆ ಒತ್ತೊತ್ತಾಗಿ ಮನೆಗಳಿರುವ ಹಳೆಯ ಓಣಿಗಳು, ಅದೇ ಊರಿನಲ್ಲಿವೆ. ಆ ಹಳೆಯ ನಗರ 2017ರಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿತು, ಅಲ್ಲಿ ಜನ ಈಗಲೂ ಬದುಕುತ್ತಿದ್ದಾರೆ. ಮರದ ಚೌಕಟ್ಟಿನ ಮನೆಗಳು, ಹತ್ತು ಪಾಲುದಾರರ ಜಗಳ, ಬೀಗ ಹಾಕಿ ಊರು ಬಿಟ್ಟವರು, ಬಾಡಿಗೆದಾರರು – ನಿಮ್ಮಜ್ಜನ ಮನೆಯ ಕತೆ ಅಲ್ಲಿ ನೂರಾರು ಸಲ ಸಿಗುತ್ತದೆ.

ದೆಹಲಿಯಲ್ಲಿ ಓದುವುದರ ದೊಡ್ಡ ಲಾಭ ಊರೇ. ಮೆಹ್ರೌಲಿ, ಶಾಹಜಹಾನಾಬಾದ್, ನಿಜಾಮುದ್ದೀನ್ – ಪಾಠ ಮುಗಿದ ಸಂಜೆ ಹೋಗಿ ನಿಂತು ನೋಡಬಹುದು. ಹುಮಾಯೂನ್ ಸಮಾಧಿಯ ಚಾವಣಿಯ ಮೇಲೆ ಇಪ್ಪತ್ತನೆಯ ಶತಮಾನದಲ್ಲಿ ಪದರದ ಮೇಲೆ ಪದರವಾಗಿ ಸುರಿದ ಸುಮಾರು ಹತ್ತು ಲಕ್ಷ ಕಿಲೋ ಸಿಮೆಂಟ್ ಕಾಂಕ್ರೀಟನ್ನು ಕೈಯಿಂದಲೇ ಒಡೆದು ಇಳಿಸಿ, ಮತ್ತೆ ಸುಣ್ಣದ ಗಾರೆ ಹಾಕಿದರು. ನಿಮ್ಮ ಗೋಡೆಗೆ ಆದ ತಪ್ಪೇ ಅಲ್ಲೂ ಆಗಿತ್ತು, ಅಳತೆ ಮಾತ್ರ ದೊಡ್ಡದು.

ಕಾನೂನಿನ ಮಾತು ಬಂದರೆ ದೇಶದೊಳಗಿನ ಓದಿಗೆ ಬದಲಿಯೇ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಲಕ್ಕುಂಡಿಯಂಥ ಊರಿನಲ್ಲಿ ಒಂದು ಓಣಿಯ ಮನೆಗಳೆಲ್ಲ ಈ ಗೆರೆಯೊಳಗೆ ಬಂದುಬಿಡುತ್ತವೆ. ದುರಸ್ತಿಗೂ ಅನುಮತಿ ಬೇಕು. ಆ ಮನೆಯವರ ಜೊತೆ ಕಟ್ಟೆಯ ಮೇಲೆ ಕೂತು ಅರ್ಜಿ ಬರೆಸಬಲ್ಲ, ಗಿಲಾವು ಹೇಗಿರಬೇಕೆಂದೂ ಹೇಳಬಲ್ಲ ಸಂರಕ್ಷಣಾ ವಾಸ್ತುಶಿಲ್ಪಿ ಉತ್ತರ ಕರ್ನಾಟಕಕ್ಕೆ ಇಂದು ತುರ್ತಾಗಿ ಬೇಕು. ಇದು ನಾನು ದಿನವೂ ಕಾಣುವ ಕೊರತೆ.

ಕಲ್ಲೂ ಅಷ್ಟೇ. ಬಾದಾಮಿ, ಪಟ್ಟದಕಲ್ಲಿನದು ಮರಳುಗಲ್ಲು, ಲಕ್ಕುಂಡಿ, ಬೇಲೂರು, ಹಳೇಬೀಡಿನದು ಬಳಪದ ಕಲ್ಲು, ಹಂಪಿಯದು ಗ್ರಾನೈಟ್. ಒಂದು ಪುಡಿಯಾಗಿ ಉದುರುತ್ತದೆ, ಒಂದರ ಮೈ ಮೆತ್ತಗಾಗಿ ಗೀರು ಬೀಳುತ್ತದೆ, ಒಂದು ಹಾಳೆಯಾಗಿ ಸಿಡಿಯುತ್ತದೆ. ದೂರದ ಊರಿನ ಸುಣ್ಣಕಲ್ಲಿನ ಮೇಲೆ ಕಲಿತ ಉಪಚಾರವನ್ನು ಇವುಗಳ ಮೇಲೆ ನೇರವಾಗಿ ಹಚ್ಚಲಾಗದು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಹೊರದೇಶದಲ್ಲಿ ಓದಿ ಬಂದ ಮೊದಲ ವರ್ಷ ಒಂದು ಹಳೆಯ ವಾಡೆಯ ದುರಸ್ತಿಗೆ ಹೋಗಿದ್ದೆ. ಗಚ್ಚು, ಅಂದರೆ ಸುಣ್ಣದ ಗಾರೆ, ಹದವಾಗಿದೆಯೇ ಎಂದು ತಿಳಿಯಲು ನನ್ನ ಬಳಿ ಪ್ರಮಾಣದ ಕೋಷ್ಟಕವಿತ್ತು. ಎಪ್ಪತ್ತು ದಾಟಿದ ಗೌಂಡಿ ಅಜ್ಜ ಥಾಪಿಯ ಮೇಲೆ ಒಂದು ಮುದ್ದೆ ಗಚ್ಚು ತೆಗೆದುಕೊಂಡು ಥಾಪಿಯನ್ನು ಬೋರಲು ಹಿಡಿದರು. ಗಚ್ಚು ಬೀಳಲಿಲ್ಲ. ಆದರೂ ‘ಇನ್ನೂ ಎರಡು ದಿನ ಅರೀಬೇಕು’ ಎಂದರು. ಏಕೆಂದು ಕೇಳಿದೆ. ಅದೇ ಮುದ್ದೆಯನ್ನು ನನ್ನ ಬೆರಳುಗಳ ನಡುವೆ ಇಟ್ಟು ಒತ್ತಿಸಿದರು. ಒಂದು ಚಿಕ್ಕ ಗಂಟು ಸಿಕ್ಕಿತು, ಸಾಸಿವೆಗಿಂತ ಸಣ್ಣದು. ಸರಿಯಾಗಿ ಅರಳದ ಸುಣ್ಣದ ಹರಳು ಅದು. ಗೋಡೆಗೆ ಹಚ್ಚಿದ ಮೇಲೆ ಒಳಗೆ ನೀರು ಕುಡಿದು ಅರಳಿ, ಗಿಲಾವನ್ನು ಒಡೆದು ಹೊರಬರುತ್ತದೆ. ಕೋಷ್ಟಕ ತಪ್ಪಾಗಿರಲಿಲ್ಲ, ಆದರೆ ಆ ಗಂಟು ಕೋಷ್ಟಕದಲ್ಲಿ ಇರಲಿಲ್ಲ. ಅಂದಿನಿಂದ ಯಾವ ವಿದ್ಯಾರ್ಥಿ ಕೇಳಿದರೂ ನಾನು ಹೇಳುವ ಮಾತು ಇದು: ಕೋರ್ಸಿನ ಎರಡು ವರ್ಷಗಳಲ್ಲಿ ನಿಮ್ಮ ಕೈಗೆ ಎಷ್ಟು ದಿನ ಸುಣ್ಣ ಹತ್ತುತ್ತದೆ ಎಂದು ಕೇಳಿ. ಸುಣ್ಣಕ್ಕೆ ಕೈಗವಸು ಹಾಕಿಕೊಳ್ಳಿ, ಅದು ಬೇರೆ ಮಾತು. ಆದರೆ ಲೆಕ್ಕ ಕೇಳದೆ ಬಿಡಬೇಡಿ.

ಶಾಲೆಯನ್ನು ಅಳೆಯಲು ನಾನು ನಂಬುವ ಒಂದೇ ದಾರಿ ಅಲ್ಲಿನ ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದುವುದು. ಕಳೆದ ಐದು ವರ್ಷಗಳ ಪ್ರಬಂಧಗಳ ಶೀರ್ಷಿಕೆಗಳ ಪಟ್ಟಿ ತರಿಸಿಕೊಳ್ಳಿ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ಪೂರ್ಣ ಪ್ರಬಂಧಗಳನ್ನೇ ತೆರೆದಿಟ್ಟಿವೆ. ಅದರಲ್ಲಿ ನಿಮಗೆ ಬೇಕಾದ ವಿಷಯದ್ದು ಮೂರಾದರೂ ಇವೆಯೇ? ಇದ್ದರೆ ಮಾರ್ಗದರ್ಶಕರು ಯಾರು, ಈಗಲೂ ಅಲ್ಲೇ ಇದ್ದಾರೆಯೇ? ಸಂರಕ್ಷಣೆಯ ವಿಭಾಗಗಳು ಚಿಕ್ಕವು, ಒಬ್ಬ ಅಧ್ಯಾಪಕರು ನಿವೃತ್ತರಾದರೆ ಇಡೀ ಪ್ರಯೋಗಾಲಯದ ಒಲವೇ ಬದಲಾಗಬಹುದು. ಆಮೇಲೆ ಇತ್ತೀಚೆಗೆ ಓದಿ ಮುಗಿಸಿದ ಇಬ್ಬರನ್ನು ಹುಡುಕಿ ಮಾತನಾಡಿ. ಸ್ಟುಡಿಯೊದಲ್ಲಿ ಯಾವ ಕಟ್ಟಡ ಅಳೆದಿರಿ, ಎಷ್ಟು ದಿನ ಅಲ್ಲಿದ್ದಿರಿ, ನಿಮ್ಮ ವರದಿಯಿಂದ ಆ ಕಟ್ಟಡಕ್ಕೆ ಏನಾದರೂ ಆಯಿತೇ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿಸಿಕೊಳ್ಳಿ.

ಇನ್ನೊಂದು ಪ್ರಶ್ನೆಯನ್ನು ಎಲ್ಲ ಶಾಲೆಗಳಿಗೂ ಕೇಳಿ: ಪೂಜೆ ನಡೆಯುವ ಗುಡಿಯ ಸಂರಕ್ಷಣೆಯನ್ನು ಹೇಗೆ ಕಲಿಸುತ್ತೀರಿ? ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎನ್ನುತ್ತದೆ ವೆನಿಸ್ ಸನ್ನದು. ನಮ್ಮ ಊರಿನ ಗುಡಿಯಲ್ಲಿ ಭಕ್ತರು ಮುರಿದ ಕಂಬದ ಜಾಗದಲ್ಲಿ ಹೊಸ ಕಂಬ ಕೇಳುತ್ತಾರೆ, ಅದನ್ನು ಕೆತ್ತಬಲ್ಲ ಶಿಲ್ಪಿಯೂ ಇದ್ದಾನೆ. ನಮ್ಮ ದೇಶದ ಪರಂಪರೆಯ ರಕ್ಷಣೆಗೆಂದೇ ಇರುವ ಇನ್ಟ್ಯಾಕ್ ಸಂಸ್ಥೆ 2004ರಲ್ಲಿ ತಂದ ಸನ್ನದು ಈ ಜೀವಂತ ಪರಂಪರೆಗೆ, ಸರ್ಕಾರದ ಪಟ್ಟಿಯಲ್ಲಿಲ್ಲದ ಕಟ್ಟಡಗಳಿಗೆ ಜಾಗ ಕೊಟ್ಟಿತು. ಎರಡೂ ಸನ್ನದುಗಳನ್ನು ಎದುರುಬದುರು ಇಟ್ಟು ವಾದ ಮಾಡಿಸುವ ತರಗತಿ ಎಲ್ಲಿದೆಯೋ ಅಲ್ಲಿ ನೀವು ಬೆಳೆಯುತ್ತೀರಿ.

ಹಣದ ವಿಷಯದಲ್ಲಿ ನಾನು ಮುಲಾಜಿಲ್ಲದೆ ಹೇಳಬೇಕು. ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದರೆ ಶುಲ್ಕ, ಊಟ, ಬಾಡಿಗೆ ಸೇರಿ ಒಂದು ಕೋಟಿ ರೂಪಾಯಿ ದಾಟುವುದು ಸಾಮಾನ್ಯ. ಸಂರಕ್ಷಣೆಯ ಕೆಲಸದ ಆರಂಭದ ಸಂಬಳದಿಂದ, ಅದೂ ಭಾರತಕ್ಕೆ ಮರಳಿದರೆ, ಆ ಸಾಲ ತೀರುವುದಿಲ್ಲ. ಸಾಲದ ಭಾರದಲ್ಲಿ ಮತ್ತೆ ಅಪಾರ್ಟ್‌ಮೆಂಟಿನ ನಕ್ಷೆಗೇ ಮರಳಿದವರನ್ನು ನಾನು ಬಲ್ಲೆ. ಅವರಲ್ಲಿ ಪ್ರತಿಭೆಗೆ ಕೊರತೆ ಇರಲಿಲ್ಲ. ಶುಲ್ಕದ ದೊಡ್ಡ ಪಾಲು ವಿದ್ಯಾರ್ಥಿವೇತನದಿಂದ ಬಂದರೆ ಹೋಗಿ, ಬರದಿದ್ದರೆ ನಿಮ್ಮ ತಂದೆಯವರ ಹೊಲವನ್ನು ಅಡವಿಡಬೇಡಿ. ಇಲ್ಲಿ ಗೇಟ್ ಅಂಕದ ಮೇಲೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ತಿಂಗಳಿಗೆ 12,400 ರೂಪಾಯಿಯ ವೇತನದ ವ್ಯವಸ್ಥೆ ಇದೆ. ದೊಡ್ಡ ಮೊತ್ತವಲ್ಲ, ಆದರೆ ಹೊಲ ಉಳಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಈ ವರ್ಷ ಗೇಟ್ ಬರೆದು, ದೆಹಲಿ ಅಥವಾ ಭೋಪಾಲ, ಜೊತೆಗೆ ಸೆಪ್ಟ್‌ಗೂ ಅರ್ಜಿ ಹಾಕುತ್ತಿದ್ದೆ. ಪ್ರಬಂಧಕ್ಕೆ ಗದಗ-ಧಾರವಾಡ ಭಾಗದ ಮಣ್ಣಿನ ಮಾಳಿಗೆ ಮನೆಗಳನ್ನು ಆರಿಸಿಕೊಳ್ಳುತ್ತಿದ್ದೆ. ಆಮೇಲೆ ಎರಡು ಮೂರು ವರ್ಷ ಕೆಲಸ ಮಾಡಿ, ನನಗೆ ಗೊತ್ತಿಲ್ಲದ್ದು ಯಾವುದೆಂದು ಖಚಿತವಾದ ಮೇಲೆ ಹೊರದೇಶದ ದಾರಿ ನೋಡುತ್ತಿದ್ದೆ: ಮಣ್ಣಿಗಾದರೆ ಗ್ರೆನೋಬಲ್, ರಚನೆಗಾದರೆ ನಾಲ್ಕು ವಿಶ್ವವಿದ್ಯಾಲಯಗಳ ಆ ಕೋರ್ಸು, ಕಲ್ಲು-ಗಾರೆಗಾದರೆ ಸಂರಕ್ಷಣೆಗೆಂದೇ ಇರುವ ಅಂತರರಾಷ್ಟ್ರೀಯ ಸಂಸ್ಥೆ, ರೋಮ್‌ನ ಇಕ್ರಾಮ್ ವೃತ್ತಿನಿರತರಿಗೆಂದು ನಡೆಸುವ ಅಲ್ಪಾವಧಿ ತರಬೇತಿಗಳು. ಭಾರತ ಆ ಸಂಸ್ಥೆಯ ಸದಸ್ಯ ರಾಷ್ಟ್ರ. ಕೈಯಲ್ಲಿ ಕೆಲಸದ ಅನುಭವ, ಎದುರಿಗೆ ಖಚಿತವಾದ ಪ್ರಶ್ನೆ ಇರುವ ಅರ್ಜಿಗೆ ವಿದ್ಯಾರ್ಥಿವೇತನ ಸಿಗುವ ಸಾಧ್ಯತೆಯೂ ಹೆಚ್ಚು.

ಪೋರ್ಟ್‌ಫೋಲಿಯೊ ಎಲ್ಲ ಕಡೆಗೂ ಕೆಲಸಕ್ಕೆ ಬರುತ್ತದೆ. ಅದಕ್ಕೆ ಅಪಾರ್ಟ್‌ಮೆಂಟಿನ ಬಣ್ಣದ ಚಿತ್ರಗಳು ಬೇಡ. ಈ ಮಳೆಗಾಲದಲ್ಲಿ ಎರಡು ವಾರ ರಜೆ ಹಾಕಿ ಊರಿಗೆ ಹೋಗಿ, ಅಜ್ಜನ ಮನೆಯ ಅಳತೆ ನಕ್ಷೆ ಮಾಡಿ. ಪ್ರತಿ ಕಂಬ, ಪ್ರತಿ ತೊಲೆ, ನೆಲದ ಇಳಿಜಾರು, ನೀರು ಹರಿಯುವ ದಿಕ್ಕು, ಬಿರುಕುಗಳು – ಎಲ್ಲವೂ ಅದರಲ್ಲಿರಲಿ. ಮನೆ ಕಟ್ಟಿದ್ದು ಯಾರು, ಮಣ್ಣು ಯಾವ ಹೊಲದ್ದು ಎಂದು ಅಜ್ಜಿಯನ್ನೋ ಓಣಿಯ ಹಿರಿಯರನ್ನೋ ಕೇಳಿ ಬರೆದುಕೊಳ್ಳಿ. ಗಿಲಾವನ್ನು ಈಗಲೇ ಕೀಳಿಸಬೇಡಿ. ಗೋಡೆಯ ಮೇಲಿನ ಆ ಕಂದು ಗೆರೆಯ ಪಕ್ಕ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆಯಿರಿ. ಹದಿನೈದು ದಿನಕ್ಕೊಮ್ಮೆ ಮನೆಯವರಿಂದ ಹೊಸ ಗುರುತು ಹಾಕಿಸಿ, ಫೋಟೊ ತರಿಸಿಕೊಳ್ಳಿ. ದೀಪಾವಳಿಯ ಹೊತ್ತಿಗೆ ನೀರು ಎಷ್ಟು ಏರಿತು, ಎಷ್ಟು ಇಳಿಯಿತು ಎಂಬುದು ಆ ಗುರುತುಗಳಲ್ಲಿ ಕಾಣುತ್ತದೆ. ಆ ಚಿತ್ರವನ್ನೇ ಪೋರ್ಟ್‌ಫೋಲಿಯೊದ ಮೊದಲ ಪುಟಕ್ಕೆ ಹಾಕಿ.